ಎಡಗಣ್ಣಿನ ಪಟ್ಟಿ

ಈಗ ಹೇಳಹೊರಟಿರುವುದು ನಡೆಯಿತೇ ಎಂದು ನೀವು ಕೇಳಿದರೆ, ನಡೆಯಿತು ಎನ್ನುತ್ತೇನೆ. ಹೀಗೆಯೇ ನಡೆಯಿತೇ ಎಂದು ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಮೊದಲನೆಯ ಮಹಾಯುದ್ಧಕ್ಕೂ ಮುಂಚಿನ ಮಾತು ಇದು. ಅಂದಿನಿಂದ ಊಟದ ಎಲೆಯ ಮುಂದೆ, ರೈಲಿನಲ್ಲಿ, ಮದುವೆ ಮನೆಯ ಚಪ್ಪರದ ಕೆಳಗೆ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಒಂದೆಳೆ ಸೇರಿರಬೇಕು, ಒಂದೆಳೆ ಉದುರಿರಬೇಕು. ಮೊದಮೊದಲು ಓಡಿದ ಕುದುರೆಗಳು ಏಳು ಎನ್ನುತ್ತಿದ್ದೆನಂತೆ; ಈಚೆಗೆ ಅವು ಒಂಬತ್ತಾಗಿವೆ ಎಂದು ನನ್ನ ಹೆಂಡತಿ ಎಚ್ಚರಿಸಿದ್ದಾಳೆ. ಅವಳು ಓಟ ನೋಡಿದವಳಲ್ಲ, ಆದರೆ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲಳು.

ನನ್ನ ಬರೆಯುವ ಮೇಜಿನ ಮೇಲೆ ಅಂಗೈಯಗಲದ ಒಂದು ಚರ್ಮದ ತುಂಡಿದೆ. ಕಾಗದ ಹಾರದಿರಲೆಂದು ಇಟ್ಟುಕೊಂಡದ್ದು. ಅಷ್ಟು ತೂಕ ಅದಕ್ಕಿಲ್ಲದ್ದರಿಂದ ಅದರ ಮೇಲೆ ಒಂದು ಕಲ್ಲನ್ನೂ ಇಟ್ಟಿದ್ದೇನೆ. ನೋಡಿದವರೊಬ್ಬರು ಹಳೆಯ ಚಪ್ಪಲಿಯ ಅಟ್ಟೆ ಎಂದರು. ಇನ್ನೊಬ್ಬರು, ನನ್ನ ಮೇಲಿನ ಗೌರವದಿಂದ, ತಾಳೆಗರಿಯ ಕಟ್ಟಿನ ಹೊದಿಕೆಯೇ ಎಂದು ಕೇಳಿದರು. ಅದು ಜಟಕಾ ಕುದುರೆಯ ಕಣ್ಣುಪಟ್ಟಿ. ಪಕ್ಕದಲ್ಲಿ ಸುಳಿಯುವುದನ್ನು ಕಂಡು ಬೆದರದಿರಲೆಂದು ಕುದುರೆಯ ಎರಡು ಕಣ್ಣಿನ ಬದಿಗೂ ಕಟ್ಟುತ್ತಾರಲ್ಲ, ಅದರಲ್ಲಿ ಎಡಗಡೆಯದು.

ಮೊನ್ನೆ ಸ್ನೇಹಿತರೊಬ್ಬರು ಬೆಂಗಳೂರಿನ ದೊಡ್ಡ ರೇಸಿನ ದಿನಕ್ಕೆ ಕುದುರೆ ಆರಿಸಬೇಕೆಂದು ಪುಸ್ತಕ, ಪೆನ್ಸಿಲು, ಎರಡು ಬಣ್ಣದ ಶಾಯಿ ಸಮೇತ ಬಂದು ಇದೇ ಮೇಜಿನ ಮೇಲೆ ಹರಡಿಕೊಂಡು ಕೂತರು. ಯಾವ ಕುದುರೆಯ ತಾಯಿ ಯಾವುದು, ಹೋದ ಸಲ ಯಾರ ಹಿಂದೆ ಬಂತು, ಬೆನ್ನ ಮೇಲೆ ಎಷ್ಟು ಭಾರ ಎಂದು ಗುರುತು ಹಾಕುವಾಗ ಅವರ ಮುಖ ಪರೀಕ್ಷೆಗೆ ಕೂತವರ ಮುಖದಂತಿತ್ತು. ನನಗೆ ನಗು ಬಂತು. ನಾನೂ ಒಮ್ಮೆ ಅಂಥ ಮುಖ ಹೊತ್ತು ತಿರುಗಿದವನು. ಆಗ ನನ್ನ ಮೈಮೇಲೆ ಒಂದು ಕೋಟೂ ಇತ್ತು.

ಕೋಟಿನ ವಿಷಯ ಮೊದಲು ಹೇಳಿಬಿಡುವುದು ಒಳ್ಳೆಯದು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ (ಭೌತಶಾಸ್ತ್ರವೂ ಆಗ ಬಿ.ಎ.ಯಲ್ಲೇ) ಫೋಟೋ ತೆಗೆಸಿಕೊಳ್ಳಲು ಹೊಲಿಸಿದ ಕರಿಯ ಉಣ್ಣೆಯ ಕೋಟು. ಮದರಾಸಿನ ಸೆಕೆಯಲ್ಲಿ ಉಣ್ಣೆಯ ಕೋಟು ಹೊಲಿಸಿದವನ ತರ್ಕಶಕ್ತಿಯನ್ನು ನೀವು ಇಲ್ಲಿಂದಲೇ ಅಳೆದುಕೊಳ್ಳಬಹುದು. ಅದನ್ನು ತೊಟ್ಟು ಚಳ್ಳಕೆರೆಗೆ ರಜಕ್ಕೆ ಬಂದಾಗ ಕಂಬಳಿ ಹೊದ್ದ ಕುರುಬರು ಹತ್ತಿರ ಬಂದು ತೋಳನ್ನು ಉಜ್ಜಿ ನೋಡಿ, "ಇದ್ಯಾವ ಕುರೀದಪ್ಪಾ?" ಎಂದು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಭೌತಶಾಸ್ತ್ರ ಓದಿದವನಿಗೆ ತನ್ನ ಕೋಟಿನ ಕುರಿ ಯಾವುದೆಂದು ಗೊತ್ತಿಲ್ಲದ್ದು ಅವರಿಗೆ ಬಹಳ ದಿನ ಮಾತಿಗೆ ಸರಕಾಯಿತು.

ಕುದಾಪುರದ ಕಾವಲು, ದನ ಮೇಯುವ ಬಯಲು, ಆಗ ಬರೀ ಹುಲ್ಲು. ಗಾಳಿ ಬೀಸಿದರೆ ಈ ತುದಿಯಿಂದ ಆ ತುದಿಯವರೆಗೆ ಯಾರೋ ಕೈಯಿಂದ ಸವರಿದ ಹಾಗೆ ಬಾಗುತ್ತಿತ್ತು. ಕಡಲೆಕಾಯಿ ಕಿತ್ತು ಮನೆ ಸೇರಿದ ಮೇಲೆ ವರ್ಷಕ್ಕೊಂದು ದಿನ ಅಲ್ಲಿ ಕುದುರೆ ಓಟ. ನಮಗೆ ಅದಕ್ಕಿಂತ ದೊಡ್ಡ ರೇಸು ಭೂಮಿಯ ಮೇಲೆ ಇರಲಿಲ್ಲ. ಓಡುವವು ಅಂಥ ಕುಲೀನ ಕುದುರೆಗಳೇನಲ್ಲ. ಜಟಕಾಕ್ಕೆ ಕಟ್ಟುವಂಥವು, ಎಣ್ಣೆ ವ್ಯಾಪಾರಿಗಳು ಸಂತೆಗೆ ಹತ್ತಿ ಹೋಗುವಂಥವು, ಒಬ್ಬಿಬ್ಬರು ಪಟೇಲರ ಸವಾರಿಯವು. ಓಟದ ದಾರಿ ಎಂದರೆ ದನ ಕೂಡುವ ಒಂದು ದೊಡ್ಡ ದೊಡ್ಡಿ, ಅದರ ಸುತ್ತ ಜಾಲಿಮುಳ್ಳಿನ ಬೇಲಿ. ಆ ಬೇಲಿಯನ್ನು ಎಡಕ್ಕೆ ಇಟ್ಟುಕೊಂಡು ಮೂರು ಸುತ್ತು.

ಬಾಜಿ ಕಟ್ಟುವ ರೀತಿ ನಮ್ಮವರದೇ. ರೂಪಾಯಿ ಇಟ್ಟರೆ ಅದು ಜೂಜು, ಮರ್ಯಾದಸ್ಥರಿಗೆ ಹೇಳಿದ್ದಲ್ಲ. ಬಟ್ಟೆ ಇಟ್ಟರೆ ಅದು ಸಂತೋಷ. ಚಳ್ಳಕೆರೆಯವರು ಕಂಬಳಿ ಇಡುತ್ತಿದ್ದರು, ಮೊಳಕಾಲ್ಮುರಿನವರು ರೇಷ್ಮೆ. ಎರಡು ಬೇವಿನ ಮರಗಳ ನಡುವೆ ಉದ್ದನೆಯ ಗಳ ಕಟ್ಟಿ, ಅದಕ್ಕೆ ಕುದುರೆಗೊಂದರಂತೆ ಗೂಟ ಹೊಡೆದಿರುತ್ತಿದ್ದರು. ನಿಮ್ಮ ಕುದುರೆಯ ಗೂಟಕ್ಕೆ ನಿಮ್ಮ ಬಟ್ಟೆ ನೇತುಹಾಕಬೇಕು. ಗೆದ್ದ ಗೂಟದವರು ಎಲ್ಲ ಗೂಟದ ಬಟ್ಟೆಗಳನ್ನೂ ಹಂಚಿಕೊಳ್ಳುತ್ತಾರೆ. ಇನ್ನೆರಡು ಕಟ್ಟಳೆಗಳಿದ್ದವು, ಅವನ್ನು ದಯವಿಟ್ಟು ನೆನಪಿಡಿ: ಕುದುರೆಯ ಒಡೆಯ ತನ್ನ ಕುದುರೆಯ ಗೂಟಕ್ಕೆ ತಾನೇ ಬಟ್ಟೆ ಹಾಕುವ ಹಾಗಿಲ್ಲ; ಮತ್ತು ಗೂಟಕ್ಕೆ ಒಂದು ಬಟ್ಟೆಯೂ ಬೀಳದ ಕುದುರೆ ಓಡುವ ಹಾಗಿಲ್ಲ. ಯಾರೂ ನಂಬದ ಕುದುರೆಯನ್ನು ಓಡಿಸಿ ಅದಕ್ಕೇಕೆ ಅವಮಾನ ಮಾಡಬೇಕು ಎನ್ನುವುದು ಹಿರಿಯರ ವಾದ.

ಯಾವ ಕುದುರೆ ಗೆಲ್ಲುತ್ತದೆ ಎಂದು ತಿಳಿಯಲು ಎಲ್ಲರೂ ನೋಡುತ್ತಿದ್ದದ್ದು ಸುಳಿ. ಎತ್ತು ಕೊಳ್ಳುವಾಗ ನೋಡುವ ಹಾಗೆಯೇ, ಮೈಯ ಕೂದಲು ಎಲ್ಲಿ ಸುತ್ತಿಕೊಂಡಿದೆ, ಯಾವ ದಿಕ್ಕಿಗೆ ತಿರುಗಿದೆ ಎನ್ನುವ ಪರೀಕ್ಷೆ. ಗಂಟಲ ಮೇಲೆ ಸುಳಿ ಇದ್ದರೆ ದೇವಮಣಿ, ಒಡೆಯನಿಗೆ ಐಶ್ವರ್ಯ. ಕಣ್ಣಿನ ಕೆಳಗೆ ಇದ್ದರೆ ಕಣ್ಣೀರು ಸುಳಿ, ಒಡೆಯನ ಮನೆಯಲ್ಲಿ ಅಳು. ನಾನು ಇದಕ್ಕೆಲ್ಲ ನಗುತ್ತಿದ್ದೆ. ನನ್ನಲ್ಲಿ ಒಂದು ಜೇಬುಗಡಿಯಾರವಿತ್ತು, ಒಂದು ನೋಟುಬುಕ್ಕಿತ್ತು. ಚಳ್ಳಕೆರೆಯ ಎಣ್ಣೆ ವ್ಯಾಪಾರಿಯೊಬ್ಬರ ಬಿಳಿಯ ಕುದುರೆ ಸುಲ್ತಾನ ದಿನಾ ಬೆಳಿಗ್ಗೆ ಓಡಾಡುವ ರಸ್ತೆಯಲ್ಲಿ ಎರಡು ಮೈಲಿಕಲ್ಲುಗಳ ನಡುವೆ ಅದಕ್ಕೆ ಹಿಡಿಯುವ ಹೊತ್ತನ್ನು ಹತ್ತು ದಿನ ಬರೆದುಕೊಂಡೆ. ಕೋಟು ತೊಟ್ಟು ಗಡಿಯಾರ ಹಿಡಿದು ಮೈಲಿಕಲ್ಲಿನ ಮೇಲೆ ಕೂತವನನ್ನು ಸರ್ವೆಯವನೆಂದು ತಿಳಿದು ಇಬ್ಬರು ರೈತರು ತಮ್ಮ ಬದುವಿನ ತಕರಾರು ತಂದರು. ಅವರಿಗೆ ತೀರ್ಪನ್ನೂ ಕೊಟ್ಟೆನೆಂದು ನೆನಪು. ಅದು ಸರಿಯಾಗಿತ್ತೋ ಇಲ್ಲವೋ.

ಲೆಕ್ಕದ ಪ್ರಕಾರ ಸುಲ್ತಾನನೇ ಗೆಲ್ಲಬೇಕು. ಸುಲ್ತಾನನಿಗೆ ದೇವಮಣಿಯೂ ಇತ್ತು. ನನ್ನ ವಿಜ್ಞಾನವೂ ಊರವರ ಸುಳಿಯೂ ಒಂದೇ ಕುದುರೆಗೆ ಬಂದು ನಿಂತದ್ದು ನನಗೆ ಎಳ್ಳಷ್ಟೂ ಸಂಶಯ ತರಲಿಲ್ಲ.

ಇನ್ನು ತಿಪ್ಪಮ್ಮತ್ತೆಯ ವಿಷಯ. ನಮ್ಮದು ಮೂಲತಃ ನೇಯುವವರ ಮನೆ. ತಂದೆ ಮಗ್ಗ ಬಿಟ್ಟು ಚಳ್ಳಕೆರೆಯಲ್ಲಿ ಹೊಲ ಹಿಡಿದರು. ಅವರ ಅಕ್ಕ ತಿಪ್ಪಮ್ಮತ್ತೆ ಮೊಳಕಾಲ್ಮುರಿನಲ್ಲಿ ಮಗ್ಗದ ಮನೆಗೇ ಸೊಸೆಯಾಗಿ ಹೋದಳು. ಅವಳ ಗಂಡ, ನನ್ನ ಮಾವ, ಬಹಳ ಬೇಗ ತೀರಿಕೊಂಡ. ಆಗೆಲ್ಲ ಹೆಂಗಸರು ನೂಲು ಸುತ್ತಬಹುದು, ಲಾಳಿಯ ಕಂಡಿಕೆ ತುಂಬಬಹುದು. ಮಗ್ಗದ ಗುಂಡಿಯಲ್ಲಿ ಕೂತು ನೇಯುವುದು ಗಂಡಸರ ಕೆಲಸ. ಅತ್ತೆ ಹದಿನೈದು ದಿನ ಖಾಲಿ ಗುಂಡಿಯನ್ನು ನೋಡಿ, ಹದಿನಾರನೆಯ ದಿನ ತಾನೇ ಇಳಿದಳು. ಕೇರಿಯ ಹಿರಿಯರು ಬಂದು ಇದು ಉಂಟೇ ಎಂದು ಕೇಳಿದಾಗ ಅವಳು ಲಾಳಿ ನಿಲ್ಲಿಸದೆ, "ಮೆಟ್ಟಾಕೆ ಎರಡು ಕಾಲು ಬೇಕು. ನಂಗೂ ಎರಡು ಐದಾವೆ ನೋಡ್ರಿ," ಎಂದಳಂತೆ. ಇದನ್ನು ನಾನು ಕೇಳಿದ್ದಲ್ಲ, ಕೇಳಿದವರಿಂದ ಕೇಳಿದ್ದು. ಆದರೆ ಅವಳ ಧ್ವನಿ ಬಲ್ಲ ನನಗೆ ಇದರ ಒಂದಕ್ಷರದಲ್ಲೂ ಸಂಶಯವಿಲ್ಲ.

ಗುಂಡಿಮಗ್ಗದಲ್ಲಿ ಕೂತವರ ಸೊಂಟದಿಂದ ಕೆಳಗೆ ನೆಲದೊಳಗೆ ಇರುತ್ತದೆ. ಹಾಸಿನ, ಎಂದರೆ ಮಗ್ಗಕ್ಕೆ ಹೂಡಿದ ಉದ್ದೆಳೆಗಳ, ಮೇಲೆ ಬೆಳಕು ಬೀಳಲೆಂದು ಕಿಟಕಿಯನ್ನು ನೆಲದಿಂದ ಗೇಣೆತ್ತರದಲ್ಲಿ ಇಡುತ್ತಾರೆ. ಹೀಗಾಗಿ ತಿಪ್ಪಮ್ಮತ್ತೆಗೆ ಪ್ರಪಂಚ ಕಾಣುತ್ತಿದ್ದದ್ದು ಮೊಣಕಾಲಿನವರೆಗೆ ಮಾತ್ರ. ಯಾರು ಹೋದರು ಎಂದು ಅವಳು ಪಾದ ನೋಡಿ ಹೇಳುತ್ತಿದ್ದಳು. ಯಾವ ಮನಸ್ಸಿನಲ್ಲಿ ಹೋದರು ಎನ್ನುವುದನ್ನೂ. ಎದುರು ಮನೆಯ ಗೋಡೆಗೆ ಒತ್ತಿ ಒಂದು ಕಲ್ಲುಬಾನಿ ಇತ್ತು. ಜಟಕಾದವರೆಲ್ಲ ಬೆಳಿಗ್ಗೆ ಅಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದರು. ಕುದುರೆಯ ಬೆನ್ನು, ಗಂಟಲು, ಸುಳಿ, ಜಂಬ ಯಾವುದೂ ಅವಳಿಗೆ ಕಾಣದು. ಕಾಲುಗಳು ಬರುವುದು ಕಾಣುತ್ತದೆ, ಆಮೇಲೆ ತಲೆ ಕೆಳಗಿಳಿದು ನೀರಿಗೆ ಬಾಯಿ ಇಡುವುದು ಕಾಣುತ್ತದೆ. ಅಷ್ಟನ್ನು ಅವಳು ಹತ್ತು ಹನ್ನೆರಡು ವರ್ಷ ನೋಡಿದ್ದಳು. ನಾನು ಹತ್ತು ದಿನ ನೋಡಿ ನೋಟುಬುಕ್ಕು ತುಂಬಿಸಿದ್ದೆ.

ಆ ಬಾನಿಗೆ ಬರುವ ಕುದುರೆಗಳಲ್ಲಿ ಬುಡೇನ್ ಸಾಬಿಯ ನೂರಿಯೂ ಒಂದು. ಬುಡೇನ್ ಸಾಬಿ ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಮೊಳಕಾಲ್ಮುರಿಗೂ ರಾಯದುರ್ಗಕ್ಕೂ ಜಟಕಾ ಹೊಡೆಯುತ್ತಿದ್ದ. ನೂರಿ ಕಂದುಬಣ್ಣದ ಹೆಣ್ಣುಕುದುರೆ. ಕಂದೇ ಎಂದು ಈಗ ಆಣೆ ಇಡಲಾರೆ, ಆದರೆ ಬಿಳಿಯಲ್ಲ. ಬುಡೇನ್ ಸಾಬಿಯ ಮನೆಮಾತಿನಲ್ಲಿ ನೂರಿ ಎಂದರೆ ಬೆಳಕಿನವಳು. ಕೇರಿಯ ಕನ್ನಡದವರಿಗೆ ಅದು ಲೆಕ್ಕದ ನೂರು. ನೂರಕ್ಕೊಂದು ಕುದುರೆ ಎಂದು ರೇಗಿಸುತ್ತಿದ್ದರು. ಅದಕ್ಕೆ ಮೂರನೆಯ ಅರ್ಥವೊಂದು ಕಾದಿತ್ತು.

ನೂರಿಗೆ ಬೆದರುವ ಕೆಟ್ಟ ಅಭ್ಯಾಸ. ಸುಮ್ಮನೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಗಾಡಿಯನ್ನು ಅಡ್ಡ ಎಳೆದುಬಿಡುತ್ತಿತ್ತು. ಒಮ್ಮೆ ರಾಯದುರ್ಗದ ದಾರಿಯಲ್ಲಿ ಸವಾರಿಯವರು ಹೊಂಡಕ್ಕೆ ಬಿದ್ದರು. ಎಡಗಣ್ಣಿನ ಕೆಳಗೆ ಕಣ್ಣೀರು ಸುಳಿ ಬೇರೆ ಇತ್ತು. ಅದೇ ಕಾರಣ ಎಂದು ಎಲ್ಲರೂ ಬಂದು ಆ ಸುಳಿಯನ್ನು ಬಗ್ಗಿ ಬಗ್ಗಿ ನೋಡಿ ಹೋದರು. ಜನ ಅವನ ಜಟಕಾ ಹತ್ತುವುದು ಬಿಟ್ಟರು. ಕೊನೆಗೆ ರಾಯದುರ್ಗದ ಕಡೆಯ ಕಂಟ್ರಾಕ್ಟರ್ ಗಂಗಪ್ಪ ಎಂಬವನು, ಕೆರೆಯ ತೂಬು ಕಟ್ಟಿಸುತ್ತಿದ್ದವನು, ಗಾರೆ ಅರೆಯುವ ಗಾಣಕ್ಕೆ ಕಟ್ಟಲು ಅದನ್ನು ಕೊಳ್ಳುತ್ತೇನೆಂದ. ಕಲ್ಲಿನ ಚಕ್ರ ಎಳೆಯುತ್ತ ಸುಣ್ಣದ ಧೂಳಿನಲ್ಲಿ ದಿನವಿಡೀ ಸುತ್ತಬೇಕು. ಎರಡು ವರ್ಷ ಬದುಕಿದ ಪ್ರಾಣಿ ಇಲ್ಲ. ಬುಡೇನ್ ಸಾಬಿ ಬೇರೆ ದಾರಿ ಕಾಣದೆ ಒಪ್ಪಿಕೊಂಡ. ಗಂಗಪ್ಪನದು ತೆಲುಗು. ಅವನ ಭಾಷೆಯಲ್ಲಿ ನೂರುವುದು ಎಂದರೆ ಅರೆಯುವುದು. ಬಾನಿಯ ಹತ್ತಿರ ನಿಂತು ಅವನು, "ನೂರಿ ಅಂಟೆ ನೂರೇದೇ ಕದಾ," ಎಂದು ನಕ್ಕ. ಅರೆಯುವುದಕ್ಕೇ ಹುಟ್ಟಿದ್ದು, ಹೆಸರಲ್ಲೇ ಇದೆ ಎಂದು. ಬುಡೇನ್ ಸಾಬಿ ಕುದುರೆಯ ಬಾಯಿ ಒರೆಸಿದ.

ಆಗ ಗೇಣೆತ್ತರದ ಕಿಟಕಿಯಿಂದ ಅತ್ತೆಯ ಧ್ವನಿ ಬಂತು. ಓಟಕ್ಕೆ ನಾಲ್ಕು ದಿನ ಇತ್ತು. ನಾನು ಅವಳ ಮನೆಯಲ್ಲೇ ಇದ್ದೆ, ಪಕ್ಕದಲ್ಲೇ ಕೂತಿದ್ದೆ.

"ಕಾವಲ್ನಾಗೆ ಓಡ್ಸಿ ನೋಡು ಬುಡೇನ್ ಸಾಬಿ. ಗೆದ್ರೆ ಬಿಡ್ತೀಯೇನಪ್ಪಾ ಕಂಟ್ರಾಟ್ರು?"

ಗಂಗಪ್ಪ ನೆಲದಿಂದ ಬಂದ ಮಾತಿಗೆ ಸುತ್ತ ನೋಡಿ, ಮತ್ತೂ ನಕ್ಕು, ಗೆದ್ದರೆ ಬಿಡುತ್ತೇನೆ, ಸೋತರೆ ಅಲ್ಲಿಂದಲೇ ಹಗ್ಗ ಹಿಡಿದುಕೊಂಡು ಹೋಗುತ್ತೇನೆ ಎಂದ. ನಗುತ್ತ ಆಡಿದ ಮಾತು, ಆದರೆ ಕೇರಿಯ ಹತ್ತು ಜನ ಕೇಳಿಸಿಕೊಂಡರು.

ಅವನು ಹೋದ ಮೇಲೆ ಅತ್ತೆ ಬುಡೇನ್ ಸಾಬಿಯನ್ನು ಕಿಟಕಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂರಿಸಿಕೊಂಡು ಹೇಳಿದ ಮಾತುಗಳೇ ನನ್ನ ಇಡೀ ತಾಪತ್ರಯ. ಅವಳು ಇವನ್ನು ಓಟಕ್ಕೆ ಮುಂಚೆ ಹೇಳಿದಳೋ, ಗೆದ್ದ ಮೇಲೆ ಹೇಳಿದ್ದನ್ನು ನಾನು ಮುಂಚೆಗೆ ತಂದು ಇಟ್ಟುಕೊಂಡಿದ್ದೇನೋ? ಗೆದ್ದ ಮೇಲೆ ಹೇಳುವವರು ಪ್ರತಿ ಊರಿನಲ್ಲಿ ನೂರು ಜನ ಸಿಗುತ್ತಾರೆ. ನನ್ನ ನೆನಪಿನ ಪ್ರಕಾರ ಇದು ಮುಂಚೆ.

"ಬೇಲಿ ಮಗ್ಗುಲಾಗೆ ನಿಲ್ಲು. ಎಡಕ್ಕೆ ಯಾರ್ನೂ ಬಿಡಬ್ಯಾಡ. ಅದಕ್ಕೆ ಎಡಕ್ಕೆ ಕತ್ಲು ಐತೆ."

"ಅಂಗಂದ್ರೆ ಏನವ್ವಾ?"

"ಏನಂದ್ರೆ ಏನು. ಹನ್ನೆಲ್ಡು ವರ್ಸದಿಂದ ನೋಡ್ತಿವ್ನಿ. ನೀನ್ಯಾವ ಕಡಿಂದ ಹಿಡ್ಕಂಡು ಬಂದ್ರೂ ಸುತ್ತಾಕ್ಕಂಡು ಹೋಗಿ ಎಡಗೆನ್ನೆ ಗೋಡಿಗೆ ಕೊಟ್ಟೇ ನೀರು ಕುಡಿತೈತೆ. ಗೋಡೆ ಕಡಿಂದ ಯಾರು ಬರ್ತಾರೆ? ಕಣ್ಣುಪಟ್ಟಿ ಬಲಗಡೆದು ತೆಗೆದಾಕು. ಎಡಗಡೆದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಈಗ ಓದುವ ನಿಮಗೆ ಇದು ಸ್ಪಷ್ಟವಾಗಿರಬಹುದು. ನಾನು ಪಕ್ಕದಲ್ಲಿ ಕೂತು ಕೇಳಿದವನು. ಎಡಕ್ಕೆ ಕತ್ತಲು ಎಂಬುದನ್ನು ಶಕುನದ ಮಾತು ಎಂದುಕೊಂಡೆ. ಊರವರೂ ಹಾಗೆಯೇ ತಿಳಿದರು. ಎರಡು ದಿನದಲ್ಲಿ ನೂರಿಯ ಎಡಕ್ಕೆ ಏನೋ ಒಂದು ನಡೆಯುತ್ತದಂತೆ, ಮಗ್ಗದ ತಿಪ್ಪಮ್ಮನಿಗೆ ಕಂಡಿದೆಯಂತೆ ಎಂಬ ಸುದ್ದಿ ಚಳ್ಳಕೆರೆಯವರೆಗೆ ಮುಟ್ಟಿತು. ಇನ್ನು ಆ ಗೂಟಕ್ಕೆ ಬಟ್ಟೆ ಹಾಕುವವರು ಯಾರು?

ಅತ್ತೆಗೆ ಅದು ಗೊತ್ತಾಗಿತ್ತು. ನಾನು ಹೊರಡುವ ದಿನ ಗುಂಡಿಯಿಂದ ಎದ್ದು ಬಂದು, ಪೆಟ್ಟಿಗೆ ತೆಗೆದು, ಒಂದು ಸೀರೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅವಳ ಧಾರೆಯ ಸೀರೆ. ಮಾವ ತನ್ನ ಮದುವೆಗೆ ತಾನೇ ನೇಯ್ದದ್ದು. ಗಿಳಿಹಸಿರಿಗೆ ಕೆಂಪಂಚು ಎಂದು ನನ್ನ ನೆನಪು. ನೇರಳೆ ಎಂದು ನನ್ನ ತಂಗಿ ವಾದಿಸುತ್ತಾಳೆ. ಸಾಲು ಸಾಲಾಗಿ ಸೀರೆ ನೇಯುವ ಮನೆಯಲ್ಲಿ ಅವಳದೆನ್ನುವ ಸೀರೆ ಅದೊಂದೇ. ಮಿಕ್ಕವೆಲ್ಲ ಸಾಹುಕಾರರವು.

ನಾನು ಇದು ಅವಿವೇಕ ಎಂದು ಬಹಳ ಹೇಳಿದೆ. ನೋಟುಬುಕ್ಕು ತೆಗೆದು ಸುಲ್ತಾನನ ಅಂಕಿಗಳನ್ನು ಓದಿದೆ. ಅವಳು ಕೊನೆಯವರೆಗೂ ಕೇಳಿದಳು. "ಚಂದಾಗಿ ಬರ್ದಿದ್ದೀಯ," ಎಂದಳು. "ಗೂಟಕ್ಕೆ ಹಾಕು. ನಾನು ಬರಾಕಾಗಲ್ಲ, ಹಾಸು ಮುಗೀಬೇಕು."

ಓಟದ ದಿನ ಕಾವಲಿನಲ್ಲಿ ಗಳದ ತುಂಬ ಕಂಬಳಿಗಳು. ಸುಲ್ತಾನನ ಗೂಟದಲ್ಲಿ ಜಾಗವಿಲ್ಲದೆ ಒಂದರ ಮೇಲೊಂದು ಹಾಕಿದ್ದರು. ಗೂಟಕ್ಕೆ ಹಾಕಲು ನನ್ನಲ್ಲಿ ಕಂಬಳಿಯೂ ಇರಲಿಲ್ಲ, ರೇಷ್ಮೆಯೂ ಇರಲಿಲ್ಲ. ವಿಜ್ಞಾನದ ಮೇಲಿನ ವಿಶ್ವಾಸಕ್ಕೆ ಕೋಟು ಬಿಚ್ಚಿ ಸುಲ್ತಾನನಿಗೆ ಹಾಕಿದೆ. ಕುರುಬರು ಸಂತೋಷಪಟ್ಟರು. ತಮ್ಮ ಕುದುರೆ ಗೆದ್ದರೆ ತೋಳು ಯಾರಿಗೆ, ಬೆನ್ನು ಯಾರಿಗೆ ಎಂದು ಆಗಲೇ ಹಂಚಿಕೊಳ್ಳತೊಡಗಿದರು.

ನೂರಿಯ ಗೂಟ ಬೋಳಾಗಿತ್ತು. ಆಚೆ ಗಂಗಪ್ಪ ಹೊಸ ಹಗ್ಗವೊಂದನ್ನು ತೋಳಿಗೆ ಸುತ್ತಿಕೊಂಡು ನಿಂತಿದ್ದ. ನನ್ನ ಕಂಕುಳಲ್ಲಿ ಪಂಚೆಯ ಗಂಟು.

ಇಲ್ಲಿ ನನ್ನ ನೆನಪು ಎರಡು ಕವಲಾಗುತ್ತದೆ. ಒಂದರಲ್ಲಿ ನಾನು ನೇರವಾಗಿ ಹೋಗಿ ಸೀರೆಯನ್ನು ಬಿಚ್ಚಿ ಗೂಟಕ್ಕೆ ಹಾಕುತ್ತೇನೆ, ಜನ ಬೆರಗಾಗಿ ನೋಡುತ್ತಾರೆ. ಬಹಳ ವರ್ಷ ನಾನು ಕಥೆಯನ್ನು ಹೀಗೆಯೇ ಹೇಳಿದ್ದೇನೆ. ಇನ್ನೊಂದರಲ್ಲಿ, ಸೀರೆ ಹಾಕದೆ ಇದ್ದರೆ ಅತ್ತೆಯ ಸೀರೆ ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕುತ್ತ ನಿಂತಿದ್ದೇನೆ. ಕುದುರೆ ಹೇಗೂ ಗೆಲ್ಲುವುದಿಲ್ಲ. ಕುದುರೆಯೂ ಹೋಗಿ ಸೀರೆಯೂ ಏಕೆ ಹೋಗಬೇಕು? ಆಗ ಬುಡೇನ್ ಸಾಬಿ ಹತ್ತಿರ ಬಂದು, ನನ್ನ ಮುಖ ನೋಡದೆ, ನನ್ನ ಕಾಲು ನೋಡುತ್ತ ಕೇಳುತ್ತಾನೆ:

"ಅಮ್ಮಾರು ಏನಾನ ಕೊಟ್ಟವ್ರಾ ಸಾಮಿ?"

"ಇಲ್ಲ," ಎನ್ನುತ್ತೇನೆ.

ಅವನು ತಲೆಯಾಡಿಸಿ ನೂರಿಯ ಕಡೆಗೆ ಹಿಂದಿರುಗುತ್ತಾನೆ. ಗಂಗಪ್ಪ ಹಗ್ಗದ ಸುರುಳಿ ಬಿಚ್ಚುತ್ತಾನೆ. ನೂರಿ, ಅಷ್ಟು ಜನರ ನಡುವೆ, ಒಂದು ಬಂಡಿಯ ಪಕ್ಕಕ್ಕೆ ಸುತ್ತಿ ಹೋಗಿ ಎಡಗೆನ್ನೆಯನ್ನು ಬಂಡಿಯ ಹಲಗೆಗೆ ಒತ್ತಿ ನಿಲ್ಲುತ್ತದೆ. ಅದನ್ನು ಕಂಡದ್ದರಿಂದಲೋ, ಗುಂಡಿಯಲ್ಲಿ ಕೂತು ಹಾಸು ಮುಗಿಸುತ್ತಿದ್ದವಳು ನೆನಪಾದದ್ದರಿಂದಲೋ, ನಾನು ಗಂಟು ಬಿಚ್ಚುತ್ತೇನೆ.

ಎರಡರಲ್ಲಿ ಯಾವುದು ನಿಜ ಎಂದು ಆಣೆ ಮಾಡಲಾರೆ. ಆದರೆ ನೆನಪು ಸುಳ್ಳು ಹೇಳುವಾಗ ಸಾಮಾನ್ಯವಾಗಿ ನಮ್ಮ ಪರವಾಗಿ ಹೇಳುತ್ತದೆ ಎಂಬುದು ನನ್ನ ಅನುಭವ. ಎರಡನೆಯದು ನನ್ನ ಪರವಾಗಿಲ್ಲ.

ಸೀರೆ ಗೂಟದಿಂದ ಇಳಿದು ನೆಲ ಮುಟ್ಟುವಷ್ಟು ಉದ್ದ ತೂಗಿತು. ಆ ಕಂಬಳಿಗಳ ಸಾಲಿನಲ್ಲಿ ಅದೊಂದು ಬಣ್ಣ. ಯಾರೋ, ಯಾವ ಹೆಂಗಸಿನದು ಎಂದರು. ಮೊಳಕಾಲ್ಮುರಿನವನೊಬ್ಬ, "ಮಗ್ಗದ ತಿಪ್ಪಮ್ಮಂದು ಕಣ್ರಲೇ. ಅಳಿಯ ಸುಲ್ತಾನಂಗೆ, ಅತ್ತೆ ನೂರಿಗೆ," ಎಂದು ಸಾರಿದ. ನನಗೆ ಕೋಟಿಲ್ಲದ ಚಳಿ ಅಲ್ಲದ ಇನ್ನೊಂದು ಚಳಿ ಹತ್ತಿತು.

ಬೇಲಿಯ ಮಗ್ಗುಲ ಜಾಗ ಯಾರಿಗೂ ಬೇಡವಾಗಿತ್ತು. ಅಲ್ಲಿ ಓಡಿದರೆ ಮುಳ್ಳು ಕಾಲು ಸೀಳುತ್ತದೆ. ಬುಡೇನ್ ಸಾಬಿ ಹೋಗಿ ಅಲ್ಲಿ ನಿಂತ. ತಾನೇ ಸವಾರ. ನೂರಿಯ ಬಲಗಣ್ಣು ಬರಿದಾಗಿತ್ತು. ಎಡಗಣ್ಣಿಗೆ ಪಟ್ಟಿ ಇತ್ತು.

ಓಟವನ್ನು ವರ್ಣಿಸಲು ನನಗೆ ಆಸೆ, ಆದರೆ ನಾನು ಕಂಡದ್ದು ಹೆಚ್ಚಾಗಿ ಧೂಳು. ಮೊದಲ ಸುತ್ತಿನಲ್ಲಿ ಬಿಳಿಯ ಸುಲ್ತಾನ ಮುಂದೆ, ಕಂದು ನೂರಿ ಗುಂಪಿನಲ್ಲಿ. ಎರಡನೆಯದರಲ್ಲಿ ಮುಂದೆ ಇದ್ದ ಕುದುರೆಗಳು ಮುಳ್ಳಿಗೆ ಹೆದರಿ ತಿರುವಿನಲ್ಲಿ ಬೇಲಿಯಿಂದ ಹೊರಹೊರಗೆ ಸರಿದವು, ನೂರಿ ಮಾತ್ರ ಬೇಲಿಗೆ ನೂಲಿನ ಹಾಗೆ ಅಂಟಿಕೊಂಡಿತು. ಬಲಗಡೆ ಬಂದದ್ದನ್ನೆಲ್ಲ ಅದು ಕಣ್ಣಾರೆ ನೋಡುತ್ತಿತ್ತು, ನೋಡುತ್ತಲೇ ಓಡುತ್ತಿತ್ತು. ಒಮ್ಮೆಯೂ ಅಡ್ಡ ಎಳೆಯಲಿಲ್ಲ. ಕೊನೆಯ ತಿರುವಿನಲ್ಲಿ, ಈಗ ಹಿಂದಾಗಿದ್ದ ಸುಲ್ತಾನನ ಸವಾರ ಬೇಲಿಗೂ ನೂರಿಗೂ ನಡುವೆ ನುಗ್ಗಲು ನೋಡಿದ. ಬುಡೇನ್ ಸಾಬಿ ತನ್ನ ಎಡಗಾಲನ್ನು ಮುಳ್ಳಿಗೆ ಕೊಟ್ಟು ಆ ಸಂದನ್ನು ಮುಚ್ಚಿಬಿಟ್ಟ. ನಾನು ಇದ್ದ ಕಡೆಯಿಂದ ಅದು ಕಂಡಿತು, ಇದು ಧೂಳಲ್ಲ. ಕತ್ತಿನಷ್ಟು ಅಂತರದಲ್ಲಿ ನೂರಿ ಮೊದಲು ಬಂತು. ಈಗ ಮೊ‌ಳಕಾಲ್ಮುರಿನಲ್ಲಿ ಕೇಳಿದರೆ ಮೂರು ಕುದುರೆಯಷ್ಟು ಅಂತರ ಎನ್ನುತ್ತಾರೆ.

ಬುಡೇನ್ ಸಾಬಿ ಇಳಿದಾಗ ಮೊಣಕಾಲಿನಿಂದ ಕೆಳಗೆ ಅವನ ಪಾಯಿಜಾಮ ಇರಲಿಲ್ಲ, ಗೀರುಗಳಿದ್ದವು. ಅವನು ಅದನ್ನು ನೋಡಿಕೊಳ್ಳಲಿಲ್ಲ. ನೂರಿಯ ಕತ್ತಿಗೆ ಹಣೆ ಒತ್ತಿಕೊಂಡು ಉರ್ದುವಿನಲ್ಲಿ ಏನೋ ಹೇಳುತ್ತಿದ್ದ. ನನಗೆ ಉರ್ದು ಬಾರದು, ನೂರಿಗೆ ಬರುತ್ತಿತ್ತು. ಗಂಗಪ್ಪ ಬಿಚ್ಚಿದ ಹಗ್ಗವನ್ನು ಮತ್ತೆ ತೋಳಿಗೆ ಸುತ್ತಿಕೊಂಡ. "ನೂರಿ ನೂರದಂಟ," ಎಂದ. ನೂರಿ ಅರೆಯುವುದಿಲ್ಲವಂತೆ. ಅಷ್ಟೇ ಹೇಳಿ ತನ್ನ ಬಂಡಿ ಹತ್ತಿದ. ಮಾತು ಉಳಿಸಿಕೊಂಡವರ ಪಟ್ಟಿ ಯಾರಾದರೂ ಮಾಡಿದರೆ ಅವನ ಹೆಸರನ್ನೂ ಬರೆಯಬೇಕು.

ಗೆದ್ದ ಗೂಟದಲ್ಲಿ ಇದ್ದದ್ದು ಒಂದೇ ಬಟ್ಟೆ. ಆದ್ದರಿಂದ ಗಳದ ಮೇಲಿನ ಎಲ್ಲ ಬಟ್ಟೆಯೂ ತಿಪ್ಪಮ್ಮತ್ತೆಯದಾಯಿತು. ಎರಡು ಬಂಡಿ ಕಂಬಳಿ, ಅಷ್ಟಿಷ್ಟು ರೇಷ್ಮೆ, ಮದರಾಸಿನ ಕೋಟು ಒಂದು. ಮೊಳಕಾಲ್ಮುರಿನ ಬೀದಿಗೆ ಬಂಡಿಗಳು ಬಂದಾಗ ಅವಳು ಗುಂಡಿಯಲ್ಲೇ ಇದ್ದಳು. ಗೇಣೆತ್ತರದ ಕಿಟಕಿಯ ಮುಂದೆ ಬುಡೇನ್ ಸಾಬಿಯ ಕಾಲು ಬಂದು ನಿಂತಿತು. ಯಾರು ಗೆದ್ದರು ಎಂದು ಅವಳು ಕೇಳಲಿಲ್ಲ. ಲಾಳಿ ನಿಂತಿತು.

"ಅರಿಶಿನ ಹಚ್ಕ ಕಾಲಿಗೆ," ಎಂದಳು.

ಕಂಬಳಿಗಳನ್ನು ಕೇರಿಯ ಮಗ್ಗದ ಮನೆಗಳಿಗೆಲ್ಲ ಹಂಚಿದಳು. ಚಳಿಗಾಲದಲ್ಲಿ ಗುಂಡಿಯೊಳಗೆ ನೆಲ ಕೊರೆಯುತ್ತದೆ, ಕಾಲಿಗೆ ಹಾಸಿಕೊಳ್ಳಲಿ ಎಂದು. ಸೀರೆ ಪೆಟ್ಟಿಗೆ ಸೇರಿತು. ನಾನು ಕೋಟನ್ನು ಮೆಲ್ಲನೆ ಎತ್ತಿಕೊಳ್ಳಲು ಹೋದೆ.

"ಅದ್ಯಾರ ಗೂಟಕ್ಕೆ ಹಾಕಿದ್ಯೋ?"

"ಸುಲ್ತಾನಂಗೆ."

"ಅಂಗಾದ್ರೆ ಇಡಲ್ಲಿ. ಅದು ನಂದು."

ಎರಡು ದಿನ ಕಾದು ಇನ್ನೊಮ್ಮೆ ಕೇಳಿದೆ. ಆ ಹೊತ್ತಿಗೆ ಅದನ್ನು ಬುಡೇನ್ ಸಾಬಿಗೆ ಕೊಟ್ಟಾಗಿತ್ತು. ಬುಡೇನ್ ಸಾಬಿಗೆ ಅದು ದೊಡ್ಡದಾಯಿತು. ಆ ಚಳಿಗಾಲವೆಲ್ಲ ಬೆಳಗಿನ ಹೊತ್ತು ಕಲ್ಲುಬಾನಿಗೆ ಬರುವ ನೂರಿಯ ಬೆನ್ನ ಮೇಲೆ ನನ್ನ ಕೋಟಿರುತ್ತಿತ್ತಂತೆ, ಎರಡು ತೋಳುಗಳನ್ನು ಎದೆಯ ಕೆಳಗೆ ಗಂಟು ಹಾಕಿ. ಆ ಕೋಟಿನಲ್ಲಿ ತೆಗೆಸಿದ ನನ್ನ ಫೋಟೋ ಇನ್ನೂ ಇದೆ. ಕುದುರೆಗೆ ಇದಕ್ಕಿಂತ ಚೆನ್ನಾಗಿ ಕಂಡಿರಬೇಕು.

ಮದರಾಸಿಗೆ ಹಿಂದಿರುಗಿದ ಮೇಲೆ ನನ್ನ ಕಾಯಿಲೆ ಶುರುವಾಯಿತು. ಬೇಲಿಗೆ ಅಂಟಿ ಓಡುವ ಕುದುರೆಗೆ ದಾರಿ ಕಡಿಮೆ, ಹೊರಗಿನದಕ್ಕೆ ಹೆಚ್ಚು. ಶಾಲೆಯ ಹುಡುಗನಿಗೂ ಗೊತ್ತಿರುವ ಈ ರೇಖಾಗಣಿತ ಓಟದ ಮುಂಚೆ ನನಗೆ ಹೊಳೆದಿರಲಿಲ್ಲ, ಆಮೇಲೆ ಬಿಡಲಿಲ್ಲ. ಹಾಗಾದರೆ ನೂರಿ ಗೆದ್ದದ್ದು ದಾರಿ ಕಡಿಮೆಯಾದ್ದರಿಂದ ಇರಬಹುದಲ್ಲ? ಅತ್ತೆಯ ಎಡಗಡೆಯ ಕತ್ತಲು ಬರೀ ಮಾತಿರಬಹುದಲ್ಲ? ಕಣ್ಣಿನಲ್ಲಿ ಪೊರೆಯಿಲ್ಲ, ಬಿಳುಪಿಲ್ಲ. ಎರಡು ಕಣ್ಣೂ ಒಂದೇ ರೀತಿ ಹೊಳೆಯುತ್ತಿದ್ದವು. ಅದರ ಜೊತೆ ದಿನವಿಡೀ ಇದ್ದ ಬುಡೇನ್ ಸಾಬಿಗೆ ತಿಳಿಯದ್ದು ಗುಂಡಿಯಲ್ಲಿ ಕೂತವಳಿಗೆ ಹೇಗೆ ತಿಳಿಯುತ್ತದೆ? ಅತ್ತೆಯನ್ನು ಹೊಗಳುವ ಮೊದಲು ನನಗೆ ಪುರಾವೆ ಬೇಕಿತ್ತು. ಇದು ನನ್ನ ಸ್ವಭಾವದ ಕೊರತೆ, ಇದರಿಂದ ಬಹಳ ಜನರನ್ನು ನಾನು ತಡವಾಗಿ ಹೊಗಳಿದ್ದೇನೆ.

ಮುಂದಿನ ರಜದಲ್ಲಿ ನೇರವಾಗಿ ಮೊಳಕಾಲ್ಮುರಿಗೆ ಹೋದೆ. ಬುಡೇನ್ ಸಾಬಿ ಬಾನಿಯ ಹತ್ತಿರ ಇದ್ದ. ಕಾಲಿನ ಗೀರುಗಳು ಬಿಳಿಯ ಗೆರೆಗಳಾಗಿದ್ದವು. ಅವನನ್ನು ಒಂದು ಮಾತು ಕೇಳಬಹುದಿತ್ತು: ಆ ದಿನ ನೀನು ಬಂದು ಕೇಳಿದಾಗ ನಾನು ಇಲ್ಲ ಎಂದೆನೇ? ಅವನಿಗೆ ಖಂಡಿತ ನೆನಪಿತ್ತು. ಕೇಳಲು ಬಾಯಿ ತೆರೆದೆ. "ಕಣ್ಣು ಪರೀಕ್ಷೆ ಮಾಡಬೇಕು," ಎಂದೆ.

ಕುದುರೆಯ ಕಣ್ಣಿನ ಮುಂದೆ ಬರಿಗೈ ಬೀಸಿದರೆ ಗಾಳಿ ತಗಲಿ ರೆಪ್ಪೆ ಬಡಿಯಬಹುದು. ನಡುವೆ ಗಾಜು ಹಿಡಿಯಬೇಕು ಎಂದು ನಾನು ಯೋಚಿಸಿಕೊಂಡೇ ಬಂದಿದ್ದೆ. ಅತ್ತೆಯ ಮನೆಯ ಲಕ್ಷ್ಮಿಯ ಪಟದ ಗಾಜನ್ನು ಬಿಚ್ಚಿದೆ. "ದೇವರ ಗಾಜು ಯಾಕೋ ತೆಗಿತೀಯ?" ಎಂದು ಗುಂಡಿಯಿಂದಲೇ ಕೇಳಿದಳು. ಕುದುರೆಗೆ ಎಂದೆ. "ತಗ ತಗ," ಎಂದು ಲಾಳಿ ಹೊಡೆದಳು.

ಬುಡೇನ್ ಸಾಬಿ ಎಡಗಣ್ಣಿನ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಮೊದಲು ಬಲಗಣ್ಣಿನ ಮುಂದೆ ಗಾಜು ಹಿಡಿದು ಅದರಾಚೆ ಕೈ ಬೀಸಿದೆ. ರೆಪ್ಪೆ ಬಡಿಯಿತು, ತಲೆ ಹಿಂದಕ್ಕೆ ಹೋಯಿತು. ಸುತ್ತಿ ಬಂದು ಗೋಡೆಗೂ ಕುದುರೆಗೂ ನಡುವೆ ನುಸುಳಿ ಎಡಗಣ್ಣಿನ ಮುಂದೆ ಹಿಡಿದೆ. ಕಪ್ಪಾಗಿ ಹೊಳೆಯುವ ಒಳ್ಳೆಯ ಕಣ್ಣು. ಅದರಲ್ಲಿ ಗಾಜು ಹಿಡಿದ ನಾನು ಚಿಕ್ಕದಾಗಿ ಕಾಣುತ್ತಿದ್ದೆ. ಕೈ ಬೀಸಿದೆ. ಮುಷ್ಟಿ ಮಾಡಿ ಬೀಸಿದೆ. ಕುದುರೆಯ ಆಚೆ ಗೇಣೆತ್ತರದ ಕಿಟಕಿಯಲ್ಲಿ ಲಾಳಿಯ ಸದ್ದು ನಿಂತಿತ್ತು. ಏಳು ಸಲ ಬೀಸಿದೆ. ಇದು ನೋಟುಬುಕ್ಕಿನಲ್ಲಿದೆ, ಒಂಬತ್ತಾಗಲಾರದು. ನೂರಿ ನೀರು ಕುಡಿಯುತ್ತಲೇ ಇತ್ತು. ಒಂದು ಸಲವೂ ಆ ರೆಪ್ಪೆ ಬಡಿಯಲಿಲ್ಲ.